ರಾಗಿ ಹುಲ್ಲು ಮತ್ತು ಹಿಡಿಯುವ ಪ್ರೋಟೀನು

ಹೊಳೆನರಸೀಪುರದ ಕಡೆ ಹೇಮಾವತಿಯ ನೀರು ಹರಿಯುವ ಗದ್ದೆಬಯಲಲ್ಲಿ ದನಗಳಿಗೆ ಭತ್ತದ ಹುಲ್ಲು ಸಿಗುತ್ತದೆ. ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ ಹುಲ್ಲೇ ಆಧಾರ. ಕೊಯ್ಲು ಒಕ್ಕಣೆ ಮುಗಿದ ಮೇಲೆ ಬಣವೆ ಒಟ್ಟಿದ ಆ ಒಣಹುಲ್ಲಿನಲ್ಲಿ ಮನುಷ್ಯನ ಹೊಟ್ಟೆಗೆ ದಕ್ಕುವುದು ಏನೂ ಇಲ್ಲ. ಅದನ್ನೇ ತಿಂದ ಹಸು ಬೆಳಿಗ್ಗೆ ಸಂಜೆ ಹಾಲು ಕೊಡುತ್ತದೆ. ಈ ಕೆಲಸ ಮಾಡುವುದು ಹಸುವಿನ ಸ್ವಂತ ಕಿಣ್ವಗಳಲ್ಲ. ಹುಲ್ಲಿನ ಮುಖ್ಯ ವಸ್ತುವಾದ ಸೆಲ್ಯುಲೋಸನ್ನು ಕತ್ತರಿಸುವ ಒಂದೇ ಒಂದು ಕಿಣ್ವವನ್ನೂ ಹಸುವಿನ ಮೈ ತಯಾರಿಸಲಾರದು. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ, ಒಂದೊಂದು ಮಿಲಿಲೀಟರ್ ರಸದಲ್ಲೂ ಸಾವಿರ ಕೋಟಿಗೆ ಮೇಲ್ಪಟ್ಟು ಬ್ಯಾಕ್ಟೀರಿಯಗಳಿರುತ್ತವೆ. ಹುಲ್ಲನ್ನು ಮುಖ್ಯವಾಗಿ ಬಿಡಿಸುವವು ಅವೇ. ಅವು ಹುಲ್ಲನ್ನು ಕತ್ತರಿಸುತ್ತವೆ ಎಂಬುದು ಶಾಲೆಯ ಪಾಠದಲ್ಲೇ ಬರುತ್ತದೆ. ಕತ್ತರಿಸುವುದಕ್ಕೆ ಮುಂಚೆ ಹಿಡಿಯಬೇಕು, ಹಿಡಿಯುವುದಕ್ಕೆಂದೇ ಬೇರೆ ಪ್ರೋಟೀನು ಭಾಗಗಳಿವೆ, ಅವಕ್ಕೆ ತಮ್ಮದೇ ರಚನೆ, ತಮ್ಮದೇ ಕುಟುಂಬಗಳಿವೆ ಎಂಬುದು ಅಷ್ಟಾಗಿ ಕಿವಿಗೆ ಬೀಳದ ಮಾತು. ಹಿಡಿತವೆಂಬುದು ಕತ್ತರಿಕೆಗೆ ಅಂಟಿಬಂದ ಉಪಕಸುಬಲ್ಲ; ಅದು ಸ್ವತಂತ್ರವಾದ ಕೆಲಸ, ಅದನ್ನು ಪ್ರತ್ಯೇಕವಾಗಿ ಅಳೆಯದೆ ಹುಲ್ಲಿನ ಜೀರ್ಣವನ್ನು ಅರ್ಥಮಾಡಿಕೊಳ್ಳಲಾಗದು. ನಾನು ಈ ಹೊತ್ತು ವಾದಿಸಬೇಕೆಂದಿರುವುದು ಇದನ್ನು.

ಮೊದಲು ಹಿಡಿಯಬೇಕಾದ ವಸ್ತುವನ್ನು ನೋಡೋಣ. ಹಾಸನದ ಆಲೂಗೆಡ್ಡೆಯ ಪಿಷ್ಟವೂ ರಾಗಿ ಹುಲ್ಲಿನ ಸೆಲ್ಯುಲೋಸೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯಿಂದ ಆದವು. ಸಕ್ಕರೆಯ ಸಾವಿರಾರು ಕಣಗಳು ಉದ್ದಕ್ಕೆ ಕೂಡಿಕೊಂಡ ಇಂಥ ಸರಪಳಿಗೆ ಪಾಲಿಸ್ಯಾಕರೈಡ್ ಎನ್ನುತ್ತಾರೆ. ಪಿಷ್ಟದಲ್ಲಿ ಒಂದು ಗ್ಲೂಕೋಸಿಗೂ ಮುಂದಿನದಕ್ಕೂ ಇರುವ ಬೆಸುಗೆ ಸರಪಳಿಯನ್ನು ಸುರುಳಿ ಸುತ್ತಿಸುತ್ತದೆ. ನೀರು ಒಳಗೆ ನುಗ್ಗುತ್ತದೆ, ಬೇಯಿಸಿದರೆ ಅರಳುತ್ತದೆ. ಸೆಲ್ಯುಲೋಸಿನಲ್ಲಿ ಬೆಸುಗೆಯ ದಿಕ್ಕು ಬೇರೆ. ಅದರಿಂದ ಸರಪಳಿ ನೆಟ್ಟಗೆ ನಿಲ್ಲುತ್ತದೆ; ನೆಟ್ಟಗಿರುವ ಸರಪಳಿಗಳು ಪಕ್ಕಪಕ್ಕದಲ್ಲಿ ಒತ್ತಾಗಿ ಸೇರಿ ಹರಳುಗಟ್ಟುತ್ತವೆ. ಆ ಹರಳಿನೊಳಕ್ಕೆ ನೀರಿಗೂ ಜಾಗವಿಲ್ಲ, ಕಿಣ್ವಕ್ಕೂ ಇಲ್ಲ. ಇಂಥ ನೂಲುಗಳ ಸುತ್ತ ಅರಾಬಿನೋಕ್ಸೈಲಾನ್ ಎಂಬ ಇನ್ನೊಂದು ಪಾಲಿಸ್ಯಾಕರೈಡ್ ಹೆಣೆದುಕೊಂಡಿರುತ್ತದೆ, ಅದರ ಮೇಲೆ ಲಿಗ್ನಿನ್ ಎಂಬ ಗಡಸು ವಸ್ತು ಹರಡಿಕೊಂಡಿರುತ್ತದೆ. ಭತ್ತದ ಹುಲ್ಲಿನಲ್ಲಿ ಇವುಗಳ ಜೊತೆಗೆ ಸಿಲಿಕವೂ ಹೆಚ್ಚು. ಭತ್ತದ ಹುಲ್ಲಿಗಿಂತ ರಾಗಿ ಹುಲ್ಲು ಮೇಲೆಂದು ದನ ಸಾಕಿದವರು ಹೇಳುತ್ತ ಬಂದಿರುವುದಕ್ಕೆ ಇಂಥ ಭೇದಗಳಲ್ಲೇ ಕಾರಣ ಹುಡುಕಬೇಕು. ಕಿಣ್ವದ ಕೆಲಸವೆಲ್ಲ ನಡೆಯುವುದು ಈ ಗಟ್ಟಿ ವಸ್ತುವಿನ ಹೊರಮೈಯಲ್ಲಿ. ಕಿಣ್ವವಾದರೋ ನೀರಿನಲ್ಲಿ ಕರಗಿದ ಪ್ರೋಟೀನು. ಸುತ್ತಲಿನ ನೀರು ಅದನ್ನು ಎತ್ತ ಬೇಕಾದರೂ ಒಯ್ಯುತ್ತದೆ. ರಾಗಿ ಕೊಯ್ಯುವವರು ಎಡಗೈಯಲ್ಲಿ ಪೈರನ್ನು ಹಿಡಿಯಾಗಿ ಸೇರಿಸಿ ಹಿಡಿದೇ ಬಲಗೈಯ ಕುಡುಗೋಲನ್ನು ಎಳೆಯುತ್ತಾರೆ. ಹಿಡಿಯದೆ ಬೀಸಿದರೆ ಎಷ್ಟೇ ಹರಿತವಾದ ಕುಡುಗೋಲಿಗೂ ಪೈರು ಬಾಗಿ ತಪ್ಪಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯದ ಕಿಣ್ವಕ್ಕೂ ಅಂಥ ಎಡಗೈ ಒಂದಿದೆ ಎಂಬುದು ಬರಿಯ ಊಹೆಯಾಗಿ ಉಳಿದಿಲ್ಲ, ಪ್ರಯೋಗದಿಂದ ಸಿದ್ಧವಾಗಿದೆ.

ಆ ಪ್ರಯೋಗಕ್ಕೆ ಬಳಸಿದ ಸಲಕರಣೆ ಪರಂಗಿಕಾಯಿಯ ಹಾಲಿನಲ್ಲಿರುವ ಪಪೈನ್ ಎಂಬ ಕಿಣ್ವ. ಪಪೈನ್ ಪ್ರೋಟೀನನ್ನು ತುಂಡರಿಸುತ್ತದೆ, ಅದರಲ್ಲೂ ಸಡಿಲವಾಗಿರುವ ಜಾಗವನ್ನು ಮೊದಲು. 1986ರಲ್ಲಿ ಯುರೋಪಿನ ವಿಜ್ಞಾನಿಗಳು ಟ್ರೈಕೋಡರ್ಮ ಎಂಬ ಶಿಲೀಂಧ್ರದ ಸೆಲ್ಯುಲೋಸ್ ಕಿಣ್ವವನ್ನು ಪಪೈನ್‌ಗೆ ಒಡ್ಡಿದರು. 1988ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೆಲ್ಯುಲೋಮೊನಾಸ್ ಫೈಮಿ ಎಂಬ ಮಣ್ಣಿನ ಬ್ಯಾಕ್ಟೀರಿಯದ ಕಿಣ್ವಗಳ ಮೇಲೆ ಇದೇ ಬಗೆಯ ಕೆಲಸ ನಡೆಯಿತು. ಎರಡು ಕಡೆಯೂ ಕಿಣ್ವ ಒಂದು ದೊಡ್ಡ ತುಂಡು, ಒಂದು ಸಣ್ಣ ತುಂಡಾಗಿ ಒಡೆಯಿತು. ದೊಡ್ಡ ತುಂಡು ನೀರಿನಲ್ಲಿ ಕರಗಿದ ಸಣ್ಣ ಸಕ್ಕರೆ ಸರಪಳಿಗಳನ್ನು ಮೊದಲಿನಂತೆಯೇ ಕತ್ತರಿಸುತ್ತಿತ್ತು, ಆದರೆ ಹರಳುಗಟ್ಟಿದ ಸೆಲ್ಯುಲೋಸಿನ ಮುಂದೆ ಅದರ ಶಕ್ತಿ ಬಹಳಷ್ಟು ಉಡುಗಿತ್ತು. ಸಣ್ಣ ತುಂಡು ಏನನ್ನೂ ಕತ್ತರಿಸಲಿಲ್ಲ. ಸೆಲ್ಯುಲೋಸನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿತು. ಹೀಗೆ ಪ್ರೋಟೀನಿನ ಸರಪಳಿಯಲ್ಲಿ ತನ್ನಷ್ಟಕ್ಕೆ ತಾನು ಮಡಿಚಿಕೊಂಡು, ತನ್ನದೇ ಕೆಲಸ ಮಾಡುತ್ತ ನಿಲ್ಲುವ ಭಾಗಕ್ಕೆ ಡೊಮೇನ್ ಎಂದು ಹೆಸರು. ಎರಡು ಕೆಲಸ, ಎರಡು ಡೊಮೇನ್, ನಡುವೆ ಬಳುಕುವ ಒಂದು ಎಳೆ. ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಗಳಂಥ ದೂರದ ಎರಡು ಜೀವಕುಲಗಳಲ್ಲಿ ಈ ಏರ್ಪಾಡು ಒಂದೇ ಬಗೆಯಾಗಿ ಕಂಡದ್ದು ಕಾಕತಾಳೀಯವಾಗಿರಲಾರದು.

ಆಮೇಲಿನ ಮೂವತ್ತೈದು ವರ್ಷಗಳಲ್ಲಿ ಇಂಥ ಡೊಮೇನ್‌ಗಳು ಸಾವಿರಾರು ಸಿಕ್ಕಿವೆ. ಫ್ರಾನ್ಸಿನ ಬರ್ನಾರ್ಡ್ ಹೆನ್ರಿಸಾಟ್ 1991ರಲ್ಲಿ ಸಕ್ಕರೆ ಸರಪಳಿ ಕತ್ತರಿಸುವ ಕಿಣ್ವಗಳನ್ನು ಅವುಗಳ ಅಮೈನೋ ಆಮ್ಲಗಳ ಸಾಲಿನ ಹೋಲಿಕೆಯಿಂದ ಕುಟುಂಬಗಳಾಗಿ ವಿಂಗಡಿಸಿದರು. ಹಿಡಿಯುವ ಡೊಮೇನ್‌ಗಳಿಗೂ ಅದೇ ಕ್ರಮ ಬಂತು. 2004ರ ಹೊತ್ತಿಗೆ ಮೂವತ್ತೊಂಬತ್ತು ಕುಟುಂಬಗಳಿದ್ದವು. ಈಗ ನೂರರ ಗಡಿ ದಾಟಿದೆ. ಕುಟುಂಬಗಳು ಇಷ್ಟಾದರೂ ಅವು ಮಡಿಚಿಕೊಳ್ಳುವ ಮಾದರಿಗಳು ಬೆರಳೆಣಿಕೆಯಷ್ಟು. ಬಹುಪಾಲು ಕುಟುಂಬಗಳದು ಬೀಟಾ ಸ್ಯಾಂಡ್‌ವಿಚ್ ಎಂಬ ರಚನೆ: ಪ್ರೋಟೀನು ಎಳೆಗಳಿಂದಾದ ಎರಡು ಹಾಳೆಗಳು ಎದುರುಬದುರಾಗಿ ಕೂತಿರುತ್ತವೆ. ಹಿಡಿಯುವ ಜಾಗದ ಆಕಾರ ಮೂರು ಬಗೆ. ಮೊದಲನೆಯ ಬಗೆಯಲ್ಲಿ ಅದು ಸಮತಟ್ಟು. ಟ್ರಿಪ್ಟೊಫಾನ್, ಟೈರೊಸಿನ್ ಎಂಬ ಚಪ್ಪಟೆ ಉಂಗುರವುಳ್ಳ ಅಮೈನೋ ಆಮ್ಲಗಳು ಅಲ್ಲಿ ಒಂದೇ ಸಾಲಾಗಿ ಮುಖಮಾಡಿ ನಿಂತಿರುತ್ತವೆ. ಸೆಲ್ಯುಲೋಸ್ ಹರಳಿನ ಮುಖವೂ ಸಮತಟ್ಟೇ. ಉಂಗುರಕ್ಕೆ ಸಕ್ಕರೆ ಎದುರಾಗಿ ಕೂತು ಹಿಡಿತ ಬಿಗಿಯುತ್ತದೆ. ಎರಡನೆಯ ಬಗೆಯಲ್ಲಿ ಡೊಮೇನಿನ ಮೈಮೇಲೆ ಉದ್ದನೆಯ ತೋಡು ಇರುತ್ತದೆ. ಹರಳುಗಟ್ಟದ ಒಂಟಿ ಸರಪಳಿ, ಉದಾಹರಣೆಗೆ ಅರಾಬಿನೋಕ್ಸೈಲಾನಿನ ಬೆನ್ನೆಲುಬಾದ ಕ್ಸೈಲಾನ್, ಅದರಲ್ಲಿ ಕೂರುತ್ತದೆ. ಮೂರನೆಯದರಲ್ಲಿ ಸಣ್ಣ ಗುಳಿ. ಸರಪಳಿಯ ತುದಿಯೋ ಒಂದೆರಡು ಸಕ್ಕರೆಯೋ ಮಾತ್ರ ಅದಕ್ಕೆ ಸಾಕು. ಹಿಡಿಯಬೇಕಾದ ವಸ್ತುವಿನ ಆಕಾರವೇ ಹಿಡಿಯುವ ಜಾಗದ ಆಕಾರವನ್ನು ನಿರ್ಧರಿಸಿದೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಹದಿಮೂರನೆಯ ಕುಟುಂಬವನ್ನು ವಿಶೇಷವಾಗಿ ಹೆಸರಿಸಬೇಕು. ಹೊಲದ ಬದುಗಳಲ್ಲಿ ಬೆಳೆಯುವ ಹರಳುಗಿಡದ ಬೀಜದಲ್ಲಿ ರೈಸಿನ್ ಎಂಬ ಭಯಂಕರ ವಿಷವಿದೆ. ಆ ವಿಷದ ಒಂದು ಅರ್ಧ ಜೀವಕೋಶದ ಮೇಲ್ಮೈಯ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ಅರ್ಧ ಒಳಹೊಕ್ಕು ಕೊಲ್ಲುತ್ತದೆ. ಹಿಡಿಯುವ ಆ ಅರ್ಧದ ಮಡಿಕೆಯೂ ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯದ ಕ್ಸೈಲಾನ್ ಕಿಣ್ವಕ್ಕೆ ಅಂಟಿರುವ ಹಿಡಿಯುವ ಡೊಮೇನಿನ ಮಡಿಕೆಯೂ ಒಂದೇ; ಎರಡೂ ಈ ಕುಟುಂಬದವು. ಒಂದರಲ್ಲಿ ಅದು ವಿಷಕ್ಕೆ ದಾರಿ ತೋರಿಸುತ್ತದೆ, ಇನ್ನೊಂದರಲ್ಲಿ ಕಸಕಡ್ಡಿಯನ್ನು ಗೊಬ್ಬರ ಮಾಡಲು ನೆರವಾಗುತ್ತದೆ. ಬೇರೆ ಬೇರೆ ಕತ್ತಿಗಳಿಗೆ ಜೋಡಣೆಯಾಗಬಲ್ಲ ಹಿಡಿತ ತಾನು ಸ್ವತಂತ್ರವಾಗಿರಲೇಬೇಕು. ಗಿಡಗಳ ಇಂಥ ಹಿಡಿಯುವ ಪ್ರೋಟೀನುಗಳಿಗೆ ಲೆಕ್ಟಿನ್ ಎನ್ನುತ್ತಾರೆ. ಅವುಗಳ ರಚನೆಯನ್ನು ಬಿಡಿಸಿದ ದೊಡ್ಡ ಕೆಲಸ ನಮ್ಮ ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ನಡೆದಿದೆ. ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಡ್ಜ್‌ಕಿನ್ ಅವರ ತಂಡದಲ್ಲಿದ್ದು 1969ರಲ್ಲಿ ಇನ್ಸುಲಿನ್ ರಚನೆ ಬಿಡಿಸುವುದರಲ್ಲಿ ಪಾಲುಗೊಂಡಿದ್ದ ಎಂ. ವಿಜಯನ್ ಅವರು ಬೆಂಗಳೂರಿಗೆ ಬಂದು ಕಡಲೆಕಾಯಿಯ ಲೆಕ್ಟಿನ್ ರಚನೆಯನ್ನು 1994ರಲ್ಲಿ, ಹಲಸಿನ ಬೀಜದ ಜಾಕಲಿನ್ ರಚನೆಯನ್ನು 1996ರಲ್ಲಿ ತಮ್ಮ ಸಂಗಡಿಗರೊಂದಿಗೆ ಪ್ರಕಟಿಸಿದರು. ಅವಧೇಶ ಸುರೋಲಿಯಾ ಅವರು ಈ ಕೆಲಸದಲ್ಲಿ ಜೊತೆಗಿದ್ದರು. ಕಡಲೆಕಾಯಿ ಲೆಕ್ಟಿನ್ನಿನ ನಾಲ್ಕು ಭಾಗಗಳು ಎಲ್ಲರೂ ಎಣಿಸಿದ್ದ ಸಮರೂಪತೆಯನ್ನು ಬಿಟ್ಟು ಬೇರೆ ರೀತಿ ಕೂಡಿಕೊಂಡಿದ್ದವು. ಇಂದಿಗೂ ಅದನ್ನು ಪಾಠವಾಗಿ ಹೇಳುತ್ತಾರೆ. ನಮ್ಮ ಹುರುಳಿಯಲ್ಲೂ ಒಂದು ಲೆಕ್ಟಿನ್ ಇದೆ. ರಕ್ತದ ಎ ಗುಂಪಿನೊಳಗಿನ ಎ1 ಎಂಬ ಉಪಗುಂಪನ್ನು ಗುರುತಿಸಲು ರಕ್ತನಿಧಿಗಳಲ್ಲಿ ಬಳಸುವುದು ಅದನ್ನೇ. ಒಂದೇ ಮಡಿಕೆ ಕಂಡ ಮಾತ್ರಕ್ಕೆ ಎರಡು ಪ್ರೋಟೀನುಗಳು ಒಂದೇ ಮೂಲದವು ಎನ್ನಲಾಗದು, ನಿಜ. ಆದರೆ ಸಕ್ಕರೆಯನ್ನು ಹಿಡಿಯುವ ಕೆಲಸಕ್ಕೆ ಪ್ರಕೃತಿ ಕೆಲವೇ ಮಡಿಕೆಗಳನ್ನು ಮತ್ತೆ ಮತ್ತೆ ಆರಿಸಿಕೊಂಡಿದೆ ಎಂಬುದಕ್ಕೆ ಅಷ್ಟೇ ಸಾಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಒಂದೇ ಕುಟುಂಬದಲ್ಲಿ ಒಂದು ಡೊಮೇನ್ ಸೆಲ್ಯುಲೋಸನ್ನು, ಇನ್ನೊಂದು ಕ್ಸೈಲಾನನ್ನು ಹಿಡಿಯುವುದುಂಟು. ಹಾಗಿದ್ದ ಮೇಲೆ ಕುಟುಂಬದ ಹೆಸರು ತಿಳಿದು ಏನು ಉಪಯೋಗ? ಆಕ್ಷೇಪದಲ್ಲಿ ತಿರುಳಿದೆ. ಎರಡನೆಯ ಕುಟುಂಬವೇ ಇದಕ್ಕೆ ಉದಾಹರಣೆ. 2000ದಲ್ಲಿ ಬ್ರಿಟನ್ನಿನ ಸಂಶೋಧಕರು ಅದೇ ಸೆಲ್ಯುಲೋಮೊನಾಸ್ ಫೈಮಿಯ ಕ್ಸೈಲಾನ್ ಹಿಡಿಯುವ ಒಂದು ಡೊಮೇನನ್ನು ಕೈಗೆತ್ತಿಕೊಂಡರು. ಅದರಲ್ಲಿ ಎರಡು ಟ್ರಿಪ್ಟೊಫಾನ್‌ಗಳು ಒಂದಕ್ಕೊಂದು ಅಡ್ಡಲಾಗಿ ನಿಂತಿದ್ದವು. ತಿರುಚಿಕೊಂಡಿರುವ ಕ್ಸೈಲಾನ್ ಸರಪಳಿಗೆ ಆ ನಿಲುವು ಒಪ್ಪುತ್ತದೆ. ಒಂದು ಟ್ರಿಪ್ಟೊಫಾನನ್ನು ಹಾಗೆ ಅಡ್ಡ ನಿಲ್ಲಿಸಿದ್ದು ಪಕ್ಕದ ಆರ್ಜಿನಿನ್ ಎಂಬ ಅಮೈನೋ ಆಮ್ಲ. 262ನೆಯ ಸ್ಥಾನದ ಆ ಆರ್ಜಿನಿನ್ ತೆಗೆದು ತೀರ ಚಿಕ್ಕದಾದ ಗ್ಲೈಸಿನ್ ಇಟ್ಟೊಡನೆ ಟ್ರಿಪ್ಟೊಫಾನ್ ಮಲಗಿ ಮೇಲ್ಮೈ ಸಮತಟ್ಟಾಯಿತು. ಡೊಮೇನ್ ಕ್ಸೈಲಾನನ್ನು ಬಿಟ್ಟು ಸೆಲ್ಯುಲೋಸನ್ನು ಹಿಡಿಯತೊಡಗಿತು. ನೂರರ ಹತ್ತಿರದ ಅಮೈನೋ ಆಮ್ಲಗಳಲ್ಲಿ ಬದಲಾದದ್ದು ಒಂದು! ಕುಟುಂಬದ ಹೆಸರು ಯಾವ ಸಕ್ಕರೆ ಎಂದು ಹೇಳಲಿಲ್ಲ, ಒಪ್ಪೋಣ. ಆದರೆ ಎಲ್ಲಿ ನೋಡಬೇಕು, ಯಾವ ಸ್ಥಾನದ ಬದಲಾವಣೆ ಏನು ಮಾಡೀತು ಎಂಬುದನ್ನು ಹೇಳಿದ್ದು ಆ ಕುಟುಂಬದ ರಚನೆಯೇ. ಉಪಯೋಗದ ಪಟ್ಟಿಯೆಂದು ಓದಿದರೆ ಕುಟುಂಬ ನಿರಾಶೆಗೊಳಿಸುತ್ತದೆ. ವಂಶಾವಳಿಯೆಂದು ಓದಿದರೆ ದಾರಿ ತೋರಿಸುತ್ತದೆ.

ಹಿಡಿತ ಎಷ್ಟು ಸ್ವತಂತ್ರವಾಗಿ ಬೆಳೆಯಬಲ್ಲದೆಂಬುದನ್ನು ನೋಡಬೇಕಾದರೆ ಸೆಲ್ಯುಲೋಸೋಮ್‌ಗೆ ಬರಬೇಕು. 1983ರಲ್ಲಿ ಎಡ್ವರ್ಡ್ ಬೇಯರ್ ಮತ್ತು ರಫೇಲ್ ಲಾಮೆಡ್ ಇಸ್ರೇಲಿನಲ್ಲಿ, ಬಿಸಿಯನ್ನು ಬಯಸುವ ಕ್ಲಾಸ್ಟ್ರಿಡಿಯಂ ಥರ್ಮೊಸೆಲ್ಲಮ್ ಎಂಬ ಬ್ಯಾಕ್ಟೀರಿಯದಲ್ಲಿ ಇದನ್ನು ಗುರುತಿಸಿದರು. ಅಲ್ಲಿ ಒಂದೊಂದು ಕಿಣ್ವವೂ ಬೇರೆಬೇರೆಯಾಗಿ ಹುಲ್ಲನ್ನು ಹಿಡಿಯಬೇಕಿಲ್ಲ. ಸ್ವತಃ ಏನನ್ನೂ ಕತ್ತರಿಸದ ಒಂದು ಉದ್ದನೆಯ ಪ್ರೋಟೀನು ಮೂರನೆಯ ಕುಟುಂಬದ ಒಂದು ಡೊಮೇನಿನಿಂದ ಸೆಲ್ಯುಲೋಸನ್ನು ಹಿಡಿಯುತ್ತದೆ. ಅದರ ಮೈಮೇಲೆ ಕೊಹೆಸಿನ್ ಎಂಬ ಒಂಬತ್ತು ಡೊಮೇನ್‌ಗಳಿವೆ. ಕಿಣ್ವಗಳಲ್ಲಿ ಡಾಕೆರಿನ್ ಎಂಬ, ಸುಮಾರು ಎಪ್ಪತ್ತು ಅಮೈನೋ ಆಮ್ಲಗಳ ಪುಟ್ಟ ಡೊಮೇನ್ ಇರುತ್ತದೆ. ಕ್ಯಾಲ್ಸಿಯಂ ಇದ್ದರೆ ಅದು ಕೊಹೆಸಿನ್ನಿಗೆ ಬಲವಾಗಿ ಕಚ್ಚಿಕೊಳ್ಳುತ್ತದೆ. ಹೀಗೆ ಒಂಬತ್ತು ಕಿಣ್ವಗಳು ಒಂದೇ ಹಿಡಿತದ ಆಸರೆಯಲ್ಲಿ ಪಕ್ಕಪಕ್ಕದಲ್ಲೇ ಕೆಲಸ ಮಾಡುತ್ತವೆ. ಹಸುವಿನ ಹೊಟ್ಟೆಯ ರುಮಿನೊಕಾಕಸ್ ಫ್ಲೇವಿಫೇಸಿಯನ್ಸ್ ಈ ಏರ್ಪಾಡನ್ನು ಇನ್ನೂ ವಿಸ್ತಾರವಾಗಿ ಬೆಳೆಸಿಕೊಂಡಿದೆ. ಅದರ ಜೀನೋಮಿನಲ್ಲಿ ಡಾಕೆರಿನ್ ಇರುವ ಇನ್ನೂರಕ್ಕೂ ಹೆಚ್ಚು ಪ್ರೋಟೀನುಗಳಿಗೆ ಜೀನುಗಳಿವೆ. ಅದೇ ಹೊಟ್ಟೆಯಲ್ಲಿರುವ ಫೈಬ್ರೊಬ್ಯಾಕ್ಟರ್ ಸಕ್ಸಿನೋಜೆನೆಸ್ ಎಂಬ ಬ್ಯಾಕ್ಟೀರಿಯಕ್ಕೆ ಸೆಲ್ಯುಲೋಸೋಮ್ ಇಲ್ಲ, ಆದರೂ ಅದು ಸೆಲ್ಯುಲೋಸನ್ನು ಚೆನ್ನಾಗಿಯೇ ಜೀರ್ಣಿಸುತ್ತದೆ ಎಂದು ಯಾರಾದರೂ ತೋರಿಸಿಕೊಡಬಹುದು. ಅದು ಹೊರಪೊರೆಯ ಬೇರೆ ಪ್ರೋಟೀನುಗಳಿಂದ ನೂಲಿಗೆ ಮೈಯೊತ್ತಿ ಅಂಟಿಕೊಳ್ಳುತ್ತದೆ. ಅಂಟುವ ಶಕ್ತಿ ಕುಂದಿದ ಅದರ ರೂಪಾಂತರಗಳನ್ನು ಪರೀಕ್ಷಿಸಿದಾಗ ಅವು ಹರಳು ಸೆಲ್ಯುಲೋಸಿನ ಜೀರ್ಣದಲ್ಲೂ ಹಿಂದೆ ಬಿದ್ದವು. ಹಿಡಿಯುವ ಬಗೆ ಬೇರೆಯಾಯಿತು, ಹಿಡಿಯುವ ಅಗತ್ಯ ಹಾಗೆಯೇ ಉಳಿಯಿತು.

ಹುಲ್ಲಿನ ವಿಷಯ ಹೀಗಾದರೆ ಕಾಳಿನ ವಿಷಯವೇನು? ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಮೂ ಇಲ್ಲ. ಮುದ್ದೆ ಉಂಡವರ ದೊಡ್ಡ ಕರುಳಿಗೆ ಈ ನಾರು ಬಂದು ಸೇರಿದಾಗ ಬ್ಯಾಕ್ಟೀರಾಯ್ಡಿಸ್ ಎಂಬ ಬ್ಯಾಕ್ಟೀರಿಯಗಳು ಕಾದಿರುತ್ತವೆ. ಅವು ಪಿಷ್ಟವನ್ನೂ ಉಣ್ಣುತ್ತವೆ; ಅವುಗಳ ಹೊರಪೊರೆಯ ಮೇಲೆ ಪಿಷ್ಟ ಹಿಡಿಯುವ ಸಸ್-ಡಿ ಎಂಬ ಪ್ರೋಟೀನನ್ನು ಅಮೆರಿಕದ ಅಬಿಗೇಲ್ ಸಾಲಿಯರ್ಸ್ ಅವರ ಪ್ರಯೋಗಶಾಲೆ ಬೆಳಕಿಗೆ ತಂದಿತು. 2008ರಲ್ಲಿ ಅದರ ರಚನೆ ತಿಳಿಯಿತು. ಬೀಟಾ ಹಾಳೆಗಳ ಬದಲು ಅದೆಲ್ಲ ಆಲ್ಫಾ ಸುರುಳಿಗಳದೇ ಕಟ್ಟಡ, ಅಂದರೆ ಇದುವರೆಗೆ ಹೇಳಿದ ಕುಟುಂಬಗಳಿಗೆ ಸೇರದ ಬೇರೆಯದೇ ಮಡಿಕೆ. ಸಸ್-ಡಿ ಜೀನನ್ನು ತೆಗೆದರೆ ಬ್ಯಾಕ್ಟೀರಿಯ ಉದ್ದನೆಯ ಪಿಷ್ಟದ ಮೇಲೆ ಬೆಳೆಯಲಾರದು. ಆದರೆ 2014ರಲ್ಲಿ ಪ್ರಕಟವಾದ ಪ್ರಯೋಗವೊಂದು ವಿಷಯವನ್ನು ತುಸು ಜಟಿಲಗೊಳಿಸಿತು. ಸಸ್-ಡಿ ಪ್ರೋಟೀನನ್ನು ಇದ್ದ ಹಾಗೇ ಬಿಟ್ಟು ಅದರ ಹಿಡಿಯುವ ಜಾಗವನ್ನು ಮಾತ್ರ ಕೆಡಿಸಿದರೂ, ಮಾಲ್ಟೋಸ್ ಎಂಬ ಸಣ್ಣ ಸಕ್ಕರೆಯನ್ನು ಒಂದಿಷ್ಟು ಕೊಟ್ಟರೆ ಬ್ಯಾಕ್ಟೀರಿಯ ಪಿಷ್ಟದ ಮೇಲೆ ಬೆಳೆಯಿತು. ಇದು ನನ್ನ ವಾದಕ್ಕೆ ವಿರುದ್ಧವಲ್ಲವೇ ಎಂದರೆ, ಅದು ವಾದವನ್ನು ತಿದ್ದುತ್ತದೆ ಎಂದು ಹೇಳಬೇಕು. ಹಿಡಿತದ ಒಂದು ಕೆಲಸ, ಪಿಷ್ಟ ಬಂದಿದೆ ಎಂಬ ಸುದ್ದಿಯನ್ನು ಬ್ಯಾಕ್ಟೀರಿಯದೊಳಕ್ಕೆ ಮುಟ್ಟಿಸಿ ಜೀನುಗಳನ್ನು ಎಬ್ಬಿಸುವುದು. ಆ ಸುದ್ದಿಯನ್ನು ಮಾಲ್ಟೋಸ್ ಬೇರೆ ದಾರಿಯಿಂದ ಮುಟ್ಟಿಸಿದರೆ ಹಿಡಿತದ ಆ ಕೊರತೆ ತುಂಬುತ್ತದೆ. ಹಿಡಿತವನ್ನು ಬರಿಯ ಬಲವೆಂದು ಎಣಿಸಬಾರದು ಎಂದಾಯಿತು. ರಾಗಿಯ ಅರಾಬಿನೋಕ್ಸೈಲಾನ್ ಮುಂದೆಯೂ ಇಂಥದೇ ಭೇದಗಳುಂಟು: ಬ್ಯಾಕ್ಟೀರಾಯ್ಡಿಸ್ ಓವೇಟಸ್ ಕ್ಸೈಲಾನ್‌ಗಳನ್ನು ಉಂಡು ಬೆಳೆಯುತ್ತದೆ, ಅದರ ಹತ್ತಿರದ ನೆಂಟ ಬ್ಯಾಕ್ಟೀರಾಯ್ಡಿಸ್ ಥೀಟಾಯೊಟಾವೊಮೈಕ್ರಾನ್ ಬೆಳೆಯದು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಫಿನ್ಲೆಂಡಿನಿಂದ 2013ರಲ್ಲಿ ಬಂತು. ಒಣ ನಾರಿನ ಪ್ರಮಾಣ ಹೆಚ್ಚಿ ನೀರು ಕಡಿಮೆಯಾದರೆ, ಹಿಡಿಯುವ ಡೊಮೇನ್ ಇಲ್ಲದ ಕಿಣ್ವವೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅಲ್ಲಿನವರು ತೋರಿಸಿದರು. ಪೈರನ್ನು ಹಿಡಿಯದೆಯೂ ಕುಡುಗೋಲು ಕೊಯ್ದಿತು ಎಂದ ಹಾಗೆ. ನಾನು ಈ ಫಲಿತಾಂಶವನ್ನು ಪೂರ್ತಿ ಒಪ್ಪುತ್ತೇನೆ, ಏಕೆಂದರೆ ಹಿಡಿತ ಯಾವಾಗ ಬೇಕು ಎಂಬುದನ್ನು ಅದು ಖಚಿತವಾಗಿ ಹೇಳುತ್ತದೆ. ನಾರು ಕಿಕ್ಕಿರಿದ ಜಾಗದಲ್ಲಿ ಕಿಣ್ವ ಎತ್ತ ಸರಿದರೂ ನಾರೇ ಎದುರಾಗುತ್ತದೆ. ಅಲ್ಲಿ ಹಿಡಿತದ ಬೆಲೆ ಕಡಿಮೆ. ಕಾರ್ಖಾನೆಯ ತೊಟ್ಟಿಯನ್ನು ಹಾಗೆ ತುಂಬಿಸಬಹುದು. ಹಸುವಿನ ರೂಮೆನ್ ಹಾಗಿಲ್ಲ. ಅದರಲ್ಲಿರುವುದರ ಬಹುಪಾಲು ನೀರು, ಮೇಲೆ ಜೊಲ್ಲು ಸುರಿಯುತ್ತಲೇ ಇರುತ್ತದೆ, ರಸ ಮುಂದಿನ ಹೊಟ್ಟೆಗೆ ಸಾಗುತ್ತಲೇ ಇರುತ್ತದೆ. ಹುಲ್ಲಿನ ತುಣುಕು ಒಳಗೆ ಹೆಚ್ಚು ಹೊತ್ತು ನಿಲ್ಲುತ್ತದೆ, ದ್ರವ ಬೇಗ ಹೊರಟುಹೋಗುತ್ತದೆ. ದ್ರವದಲ್ಲಿ ತೇಲುವ ಕಿಣ್ವವೂ ಬ್ಯಾಕ್ಟೀರಿಯವೂ ದ್ರವದ ಜೊತೆಗೇ ಹೋಗಬೇಕು. ತುಣುಕನ್ನು ಹಿಡಿದವು ಉಳಿಯುತ್ತವೆ. ರೂಮೆನ್ ಬ್ಯಾಕ್ಟೀರಿಯಗಳ ಬಹುಭಾಗ ಮೇವಿನ ತುಣುಕುಗಳಿಗೆ ಅಂಟಿಕೊಂಡೇ ಸಿಗುವುದು ಇದಕ್ಕೇ.

ಇನ್ನು ದನ ಸಾಕುವವರ ಪ್ರಶ್ನೆ: ಇದನ್ನೆಲ್ಲ ತಿಳಿದು ನಮಗೇನು? ಎರಡು ಕಡೆ ಇದು ಮುಟ್ಟುತ್ತದೆ. ಒಂದು, ಯೂರಿಯ ಉಪಚಾರ. ನೂರು ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ ಸುಮಾರು ಮೂರು ವಾರ ಇಡುವ ಪದ್ಧತಿ ಹಳೆಯದು. ಪ್ರಮಾಣ ತಪ್ಪಿದರೆ ಯೂರಿಯ ದನಕ್ಕೆ ವಿಷವಾಗುತ್ತದೆ, ಆದ್ದರಿಂದ ಪಶುವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ. ಬ್ಯಾಕ್ಟೀರಿಯದ ನೆರವಿಲ್ಲದೆ ರಸಾಯನವೇ ಹುಲ್ಲನ್ನು ಮೃದುಮಾಡುತ್ತದೆ ಎಂದು ಇದನ್ನು ಕೆಲವರು ಹಿಡಿತದ ವಾದಕ್ಕೆ ಎದುರಾಗಿ ಇಡುತ್ತಾರೆ. ನಡೆಯುವುದನ್ನು ನೋಡಿ: ಯೂರಿಯದಿಂದ ಹೊರಟ ಅಮೋನಿಯ ಅರಾಬಿನೋಕ್ಸೈಲಾನಿಗೂ ಲಿಗ್ನಿನ್ನಿಗೂ ನಡುವಿನ ಎಸ್ಟರ್ ಬೆಸುಗೆಗಳನ್ನು ಕಡಿಯುತ್ತದೆ, ನಾರು ಉಬ್ಬುತ್ತದೆ. ಅಲ್ಲಿಗೆ ಸೆಲ್ಯುಲೋಸ್ ಜೀರ್ಣವಾಗಿಬಿಡಲಿಲ್ಲ. ಹಿಡಿಯಲು ಮೇಲ್ಮೈ ತೆರೆಯಿತು, ಅಷ್ಟೆ. ಇಂಥ ಬೆಸುಗೆ ಹಾಕುವ ಫೆರೂಲಿಕ್ ಆಮ್ಲ ರಾಗಿ ಕಾಳಿನಲ್ಲೂ ಪಾಲಿಸ್ಯಾಕರೈಡಿಗೆ ಅಂಟಿಕೊಂಡಿರುವುದನ್ನು, ಮೊಳಕೆ ಬರಿಸಿದರೆ ಅದು ಕಡಿಮೆಯಾಗುವುದನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನ ಸಂಶೋಧಕರು 2001ರಲ್ಲಿ ಇಂಡಾಫ್-15 ತಳಿಯಲ್ಲಿ ತೋರಿಸಿದರು. ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಬೆಳೆಸಿದ ಇಂಡಾಫ್ ಸಾಲಿನ ತಳಿ ಅದು. ಹಳೆಯ ಮೈಸೂರಿನ ಊಟದ ತಟ್ಟೆಗೆ ಅವರು ಕೊಟ್ಟಿರುವುದು ಸಣ್ಣದಲ್ಲ.

ಎರಡನೆಯದು, ಮೇವಿಗೆ ಬೆರೆಸಲೆಂದು ಮಾರುವ ಕಿಣ್ವದ ಪುಡಿಗಳು. ಚೀಟಿಯ ಮೇಲೆ ಇಷ್ಟು ಯೂನಿಟ್ ಸೆಲ್ಯುಲೇಸ್ ಎಂದು ಬರೆದಿರುತ್ತದೆ. ಆ ಯೂನಿಟ್ಟನ್ನು ಸಾಮಾನ್ಯವಾಗಿ ಅಳೆಯುವುದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ, ನೀರಿನಲ್ಲಿ ಕರಗುವಂತೆ ಮಾರ್ಪಡಿಸಿದ ವಸ್ತುವಿನ ಮೇಲೆ. ಕರಗಿದ ವಸ್ತುವಿಗೆ ಹಿಡಿತವೇ ಬೇಕಿಲ್ಲ. ಪಪೈನ್ ತುಂಡರಿಸಿದ ಆ ದೊಡ್ಡ ತುಂಡು ಕರಗಿದ ಸರಪಳಿಯ ಮೇಲೆ ಪೂರ್ತಿ ಶಕ್ತಿ ತೋರಿಸಿ ಹರಳಿನ ಮುಂದೆ ಸೋತಿತಲ್ಲ, ಈ ಅಳತೆ ಅಂಥ ಕಿಣ್ವಕ್ಕೂ ಒಳ್ಳೆಯ ಅಂಕವನ್ನೇ ಕೊಡುತ್ತದೆ. ಅದೇ ಪುಡಿ ರೂಮೆನ್‌ನ ನೀರಿನಲ್ಲಿ, ಲಿಗ್ನಿನ್ ಹೊದ್ದ ಹುಲ್ಲಿನ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಆ ಸಂಖ್ಯೆ ಹೇಳಲಾರದು. ಇಂಥ ಪುಡಿಗಳನ್ನು ಶಿಫಾರಸು ಮಾಡುವ ಮುನ್ನ ಅಳತೆಯನ್ನು ನಮ್ಮ ಹುಲ್ಲಿನ ಮೇಲೇ ಮಾಡಬೇಕು ಎಂಬುದು ನನ್ನ ಬೇಡಿಕೆ. ಅರಕಲಗೂಡಿನ ರಾಗಿ ಹುಲ್ಲು, ಹೊಳೆನರಸೀಪುರದ ಭತ್ತದ ಹುಲ್ಲು, ಎರಡನ್ನೂ ಬೇರೆಬೇರೆಯಾಗಿ ತೆಗೆದುಕೊಂಡು ಕಿಣ್ವದಲ್ಲಿ ನೆನೆಸಿ, ನೀರಿನಿಂದ ತೊಳೆದು, ತೊಳೆದ ಮೇಲೂ ಹುಲ್ಲಿನಲ್ಲಿ ಉಳಿದ ಕಿಣ್ವವೆಷ್ಟು, ಬಿಡುಗಡೆಯಾದ ಸಕ್ಕರೆಯೆಷ್ಟು ಎಂದು ನೋಡಬೇಕು. ಪ್ರೋಟೀನು ಅಳೆಯುವ, ಸಕ್ಕರೆ ಅಳೆಯುವ ಸಾಮಾನ್ಯ ಸಲಕರಣೆಗಳು ಇದಕ್ಕೆ ಸಾಕು. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಹಾಲು ಒಕ್ಕೂಟವಿದೆ, ಬೆಂಗಳೂರಿನಲ್ಲಿ ಪಶು ಪೋಷಣೆಯ ರಾಷ್ಟ್ರೀಯ ಸಂಸ್ಥೆಯಿದೆ. ಹುಲ್ಲಂತೂ ಬಣವೆಯಲ್ಲೇ ಇದೆ.